ಆನೆಯ ವಂಶಾವಳಿ: ಹಲ್ಲು ಒಂದು ಹೇಳಿದರೆ ಡಿಎನ್‌ಎ ಇನ್ನೊಂದು

ಆನೆ, ಘೇಂಡಾಮೃಗ, ನೀರಾನೆ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಅಭ್ಯಾಸ ಬಹಳ ಹಳೆಯದು. ದಪ್ಪ ತೊಗಲು, ಕಂಬದಂಥ ಕಾಲು, ಭಾರೀ ಮೈ ಕಂಡರೆ ಯಾರಿಗಾದರೂ ಹಾಗನ್ನಿಸುತ್ತದೆ. ಫ್ರಾನ್ಸಿನ ಪ್ರಾಣಿವಿಜ್ಞಾನಿ ಜಾರ್ಜ್ ಕುವಿಯೇ ಅವರೂ ಇವನ್ನು ‘ದಪ್ಪ ತೊಗಲಿನವು’ ಎಂಬ ಒಂದೇ ಗುಂಪಿಗೆ ಸೇರಿಸಿದ್ದರು. ಕನ್ನಡದಲ್ಲಂತೂ ನೀರಾನೆ ಎಂಬ ಹೆಸರೇ ಇಲ್ಲದ ನಂಟನ್ನು ಕಟ್ಟಿಬಿಟ್ಟಿದೆ. ವಂಶದ ಲೆಕ್ಕಕ್ಕೆ ಬಂದರೆ ನೀರಾನೆ ತಿಮಿಂಗಿಲದ ಬಂಧು, ಘೇಂಡಾಮೃಗ ಕುದುರೆಯ ಬಂಧು. ಆನೆಯ ದಾಯಾದಿಗಳೆಂದರೆ ಸಮುದ್ರದಡಿಯ ಹುಲ್ಲು ಮೇಯುವ ಡುಗಾಂಗ್, ಅದರ ಹತ್ತಿರದ ನೆಂಟ ಮ್ಯಾನಟಿ, ಮತ್ತೆ ಬಂಡೆಗಳ ಸಂದಿಯಲ್ಲಿ ಬದುಕುವ, ಮೊಲದಷ್ಟೇ ಗಾತ್ರದ ಹೈರಾಕ್ಸ್.

ಇವುಗಳ ಜೊತೆಗೆ ಗೆದ್ದಲು ತಿನ್ನುವ ಆರ್ಡ್‌ವಾರ್ಕ್, ಕೀಟ ತಿನ್ನುವ ಪುಟ್ಟ ಟೆನ್ರೆಕ್, ನೆಲ ಕೊರೆಯುವ ಚಿನ್ನದ ಮೋಲ್, ಆನೆಮೂತಿ ಇಲಿಗಳನ್ನೂ ಸೇರಿಸಿ 1998ರಲ್ಲಿ ‘ಆಫ್ರೋಥೀರಿಯಾ’ ಎಂಬ ಹೆಸರಿಟ್ಟರು. ಹೊರನೋಟಕ್ಕೆ ಒಂದಕ್ಕೊಂದು ತಾಳೆಯಾಗದ ಗುಂಪು. ಆಗ ನಕ್ಕವರೂ ಇದ್ದರು. ಆದರೆ ಪುರಾವೆ ಬರೀ ಹೋಲಿಕೆಯ ಮೇಲೆ ನಿಂತಿರಲಿಲ್ಲ. ಬಿಆರ್‌ಸಿಎ1 ಎಂಬ ವಂಶವಾಹಿಯಲ್ಲಿ ಈ ಗುಂಪಿನ ಪ್ರಾಣಿಗಳಿಗೆಲ್ಲ ಒಂದೇ ಜಾಗದಲ್ಲಿ ಡಿಎನ್‌ಎಯ 9 ಅಕ್ಷರ ಕಾಣೆಯಾಗಿವೆ. ಒಂದು ಅಕ್ಷರ ಬದಲಾಗುವುದು ಎರಡು ಕಡೆ ಪ್ರತ್ಯೇಕವಾಗಿ ನಡೆದೀತು. ಒಂಬತ್ತು ಅಕ್ಷರಗಳ ಅದೇ ತುಂಡು ಅದೇ ಜಾಗದಿಂದ ಎರಡೆರಡು ಸಲ ಬಿದ್ದುಹೋಗುವುದು ಕಷ್ಟ. ನಕಲು ಹೊಡೆದ ಉತ್ತರಪತ್ರಿಕೆಯನ್ನು ಹಿಡಿಯುವ ಮೇಷ್ಟ್ರು ಸರಿ ಉತ್ತರಗಳನ್ನು ನೋಡುವುದಿಲ್ಲ, ಇಬ್ಬರೂ ಮಾಡಿದ ಒಂದೇ ವಿಚಿತ್ರ ತಪ್ಪನ್ನು ನೋಡುತ್ತಾರೆ. ವಂಶ ಹುಡುಕುವವರ ಕೆಲಸವೂ ಹಾಗೇ.

ಮೈಯಲ್ಲೂ ಇದರ ಒಂದು ಗುರುತು ಉಳಿದಿದೆ. ಗಂಡಾನೆಯ ವೃಷಣ ಹೊರಗೆ ಇಳಿಯುವುದೇ ಇಲ್ಲ, ಹೊಟ್ಟೆಯೊಳಗೆ ಮೂತ್ರಪಿಂಡದ ಹತ್ತಿರವೇ ಇರುತ್ತದೆ. ಹೈರಾಕ್ಸ್, ಡುಗಾಂಗ್‌ಗಳಲ್ಲೂ ಹೀಗೇ.

ಆನೆಯ ಇತಿಹಾಸಕ್ಕೆ ನಮ್ಮ ಬಳಿ ಇರುವ ಮುಖ್ಯ ಸಾಕ್ಷಿಗಳು ಎರಡು: ಹಲ್ಲು ಮತ್ತು ಡಿಎನ್‌ಎ. ಹಲ್ಲು ಕೋಟಿಗಟ್ಟಲೆ ವರ್ಷ ಉಳಿಯುತ್ತದೆ. ಡಿಎನ್‌ಎ ಸೈಬೀರಿಯದ ಹೆಪ್ಪುಗಟ್ಟಿದ ನೆಲದಲ್ಲೂ ಹತ್ತು ಹದಿನೈದು ಲಕ್ಷ ವರ್ಷಕ್ಕೆ ಪುಡಿಪುಡಿಯಾಗುತ್ತದೆ. ಹಾಗಾಗಿ 6 ಕೋಟಿ ವರ್ಷಗಳ ಕಥೆಯಲ್ಲಿ ಹೆಚ್ಚಿನ ಭಾಗವನ್ನು ಹಲ್ಲೊಂದೇ ಹೇಳಬೇಕು. ಇಬ್ಬರೂ ಪ್ರಾಮಾಣಿಕರೇ, ಆದರೆ ಇಬ್ಬರಿಗೂ ಕಾಣದ ಮೂಲೆಗಳಿವೆ. ಇದನ್ನು ಮರೆತಲ್ಲೆಲ್ಲ ಆನೆಯ ವಂಶವೃಕ್ಷ ತಪ್ಪಾಗಿ ಬರೆಯಲ್ಪಟ್ಟಿದೆ.

ಕಥೆ ಶುರುವಾಗುವುದು ಮೊರಾಕ್ಕೊದಲ್ಲಿ, ಖೂರಿಬ್ಗಾ ಸುತ್ತಲಿನ ಫಾಸ್ಫೇಟ್ ಗಣಿಗಳಲ್ಲಿ. ಅಲ್ಲಿ ಸಿಕ್ಕ ಎರಿಥೀರಿಯಂ ಸುಮಾರು 6 ಕೋಟಿ ವರ್ಷ ಹಳೆಯದು, ತೂಕ ಅಂದಾಜು 5–6 ಕಿಲೊ. 2009ರಲ್ಲಿ ಎಮ್ಯಾನ್ಯುಯೆಲ್ ಗೇರ್ಬ್ರಾಂ ಅದನ್ನು ವಿವರಿಸಿದರು. ಡೈನೋಸಾರ್‌ಗಳು ಅಳಿದು ಆಗ 60 ಲಕ್ಷ ವರ್ಷವಷ್ಟೇ ಕಳೆದಿತ್ತು. ಇಷ್ಟು ಚಿಕ್ಕ ಪ್ರಾಣಿಯನ್ನು ಆನೆಯ ಬಳಗ ಎಂದು ಗುರುತಿಸಿದ್ದು ಹೇಗೆ? ಬಾಚಿಹಲ್ಲು ಉಳಿದವಕ್ಕಿಂತ ದಪ್ಪವಾಗಿತ್ತು, ಕಣ್ಣಿನ ಗೂಡು ಮುಂದಕ್ಕೆ ಸರಿದಿತ್ತು. ಅದೇ ಪ್ರದೇಶದ, ಸ್ವಲ್ಪ ಈಚಿನ ಫಾಸ್ಫಥೀರಿಯಂನ ದವಡೆಹಲ್ಲುಗಳ ಮೇಲೆ ಅಡ್ಡಡ್ಡ ಏಣುಗಳು ಸ್ಪಷ್ಟವಾಗಿ ಕಾಣುತ್ತವೆ. ಮುಂದಿನ ಕಥೆಯೆಲ್ಲ ಆ ಏಣುಗಳದ್ದು.

ಇಲ್ಲೊಂದು ಮಾತು. ಆನೆಯ ದಂತವನ್ನು ನಾವು ‘ಕೋರೆ’ ಎನ್ನುವುದುಂಟು. ಹಂದಿಯ ಕೋರೆ ನಿಜಕ್ಕೂ ಕೋರೆಹಲ್ಲು. ಆನೆಗೆ ಕೋರೆಹಲ್ಲೇ ಇಲ್ಲ. ದಂತ ಎನ್ನುವುದು ಮೇಲ್ದವಡೆಯ ಎರಡನೆಯ ಬಾಚಿಹಲ್ಲು, ಬದುಕಿರುವಷ್ಟು ಕಾಲವೂ ಬೆಳೆಯುತ್ತದೆ.

ಈಜಿಪ್ಟಿನ ಫಯೂಮ್‌ನಲ್ಲಿ ಸಿಕ್ಕ ಮೊರಿಥೀರಿಯಂ (ಸುಮಾರು 3.7 ಕೋಟಿ ವರ್ಷ) ಪಠ್ಯಪುಸ್ತಕಗಳ ಮೆಚ್ಚಿನ ಪ್ರಾಣಿ. ಹಂದಿಯಂಥ ಮೈ, ಸೊಂಡಿಲಿಲ್ಲದ ಮೂತಿ. ಅದರಿಂದ ಶುರುಮಾಡಿ, ಈಗ ಅಳಿದುಹೋಗಿರುವ ಗಾಂಫೊಥೀರ್, ಮ್ಯಾಸ್ಟೊಡಾನ್, ಮ್ಯಾಮತ್, ಕೊನೆಗೆ ಆನೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಸೊಂಡಿಲು ಉದ್ದವಾಗುತ್ತಾ ಹೋಗುವ ಚಿತ್ರವನ್ನು ಎಲ್ಲರೂ ನೋಡಿರುತ್ತೀರಿ. ಆ ಚಿತ್ರ ತಪ್ಪು. ಮೊರಿಥೀರಿಯಂ ಪಕ್ಕದ ಕೊಂಬೆ, ಆನೆಯ ಅಜ್ಜ ಅಲ್ಲ. ಅದು ಬದುಕಿದ್ದ ಕಾಲಕ್ಕೆ ಆನೆಯ ನಿಜವಾದ ಪೂರ್ವಜರು ಬೇರೆಡೆ ಇದ್ದರು. ಮ್ಯಾಮತ್ ಕೂಡ ಆನೆಯ ಪೂರ್ವಜ ಅಲ್ಲ, ಅಕ್ಕಪಕ್ಕದಲ್ಲೇ ಬೆಳೆದ ಸೋದರ. ಮ್ಯಾಸ್ಟೊಡಾನ್ ಇವೆರಡರಿಂದಲೂ ಎರಡು ಕೋಟಿ ವರ್ಷಕ್ಕೂ ಮೊದಲೇ ಬೇರೆಯಾದದ್ದು.

ಆದರೆ ಮೊರಿಥೀರಿಯಂ ಒಂದು ವಿಷಯ ಹೇಳುತ್ತದೆ. ಅದರ ಹಲ್ಲಿನ ಎನಾಮೆಲ್‌ನಲ್ಲಿರುವ (ಗಟ್ಟಿ ಹೊರಪದರ) ಆಮ್ಲಜನಕ, ಇಂಗಾಲದ ಐಸೊಟೋಪ್‌ಗಳನ್ನು, ಅಂದರೆ ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು, 2008ರಲ್ಲಿ ಅಳೆದಾಗ, ಅದು ನೀರಿನಲ್ಲೇ ಹೆಚ್ಚು ಹೊತ್ತು ಕಳೆಯುತ್ತಿತ್ತು, ನೀರುಗಿಡ ತಿನ್ನುತ್ತಿತ್ತು ಎಂದು ಗೊತ್ತಾಯಿತು. ಒಂದು ಕೊಂಬೆಯ ಸ್ವಭಾವವನ್ನು ಇಡೀ ಬುಡಕ್ಕೆ ಹೊರಿಸಬಾರದು, ನಿಜ. ಆದರೆ 2013ರಲ್ಲಿ ಬೇರೆ ದಿಕ್ಕಿನಿಂದ ಬೆಂಬಲ ಬಂತು. ಸ್ನಾಯುವಿನಲ್ಲಿ ಆಮ್ಲಜನಕ ಕೂಡಿಡುವ ಮಯೊಗ್ಲೋಬಿನ್ ಪ್ರೋಟೀನಿನ ವಿದ್ಯುದಂಶ ಮುಳುಗುವ ಪ್ರಾಣಿಗಳಲ್ಲಿ ಹೆಚ್ಚು. ಹಾಗಿದ್ದರೆ ಅಣುಗಳು ಒಂದಕ್ಕೊಂದು ಅಂಟದೆ ಸ್ನಾಯುವಿನಲ್ಲಿ ದಟ್ಟವಾಗಿ ತುಂಬಬಹುದು. ಆನೆ, ಹೈರಾಕ್ಸ್, ಡುಗಾಂಗ್‌ಗಳ ಸಮಾನ ಪೂರ್ವಜನ ಮಯೊಗ್ಲೋಬಿನ್ ಹೇಗಿತ್ತು ಎಂದು ಲೆಕ್ಕ ಹಾಕಿದರೆ ಅದರಲ್ಲೂ ಈ ಗುರುತು ಕಾಣುತ್ತದೆ. ಬಂಡೆ ಹತ್ತುವ ಹೈರಾಕ್ಸ್‌ನ ಮುತ್ತಜ್ಜ ನೀರಿಗಿಳಿಯುತ್ತಿದ್ದ ಎಂದಾಯಿತು.

ಈಗ ಹಲ್ಲಿನ ಯಂತ್ರವನ್ನು ಹತ್ತಿರದಿಂದ ನೋಡೋಣ. ನಮ್ಮ ಹಲ್ಲು ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಆನೆಯ ದವಡೆಹಲ್ಲು ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ದವಡೆಯ ಪ್ರತಿ ಬದಿಗೆ ಜೀವಮಾನದಲ್ಲಿ ಆರು ಹಲ್ಲು. ಮೇಲೆ ಕೆಳಗೆ, ಎಡ ಬಲ ಸೇರಿ 24. ಒಂದು ಹೊತ್ತಿಗೆ ಪ್ರತಿ ಬದಿಯಲ್ಲಿ ಒಂದು, ಹೆಚ್ಚೆಂದರೆ ಎರಡು ಕೆಲಸದಲ್ಲಿರುತ್ತವೆ. ಮುಂದಿನದು ಸವೆದು ತುಂಡುತುಂಡಾಗಿ ಉದುರುತ್ತಿದ್ದಂತೆ ಹಿಂದಿನದು ಜಾಗಕ್ಕೆ ಬರುತ್ತದೆ. ಆರನೆಯದು ಸವೆದರೆ ಮೇವು ಅರೆಯಲಾಗದೆ ಆನೆ ಸೊರಗುತ್ತದೆ. ಈ ಏರ್ಪಾಡು ಶುರುವಾದ ಹಂತ ಎರಿಟ್ರಿಯದಲ್ಲಿ ಸಿಕ್ಕ, ಸುಮಾರು 2.7 ಕೋಟಿ ವರ್ಷದ ಒಂದು ದವಡೆಯಲ್ಲಿ ಕಾಣುತ್ತದೆ: ಹಿಂದಿನ ಹಲ್ಲು ಇನ್ನೂ ಎಲುಬಿನೊಳಗೇ ಇದೆ, ಮುಂದಿನದು ಆಗಲೇ ಸವೆದಿದೆ.

ಹಲ್ಲು ಒಂದು ಗಟ್ಟಿಯಲ್ಲ. ಎನಾಮೆಲ್ ಸುತ್ತಿದ ತಟ್ಟೆಗಳನ್ನು ಪುಸ್ತಕದ ಹಾಳೆಯಂತೆ ನಿಲ್ಲಿಸಿ ನಡುವೆ ಸಿಮೆಂಟು ತುಂಬಿದ ಹಾಗಿರುತ್ತದೆ. ಎನಾಮೆಲ್ ಗಟ್ಟಿ, ಅದರೊಳಗಿನ ಡೆಂಟಿನ್ ಮತ್ತು ಸಿಮೆಂಟು ಮೆತ್ತಗೆ. ಸವೆಯುವಾಗ ಎನಾಮೆಲ್ ಏಣಾಗಿ ಎದ್ದು ನಿಂತು ಅರದಂತೆ ಕೆಲಸ ಮಾಡುತ್ತದೆ. ಕೊನೆಯ ದವಡೆಹಲ್ಲಿನ ತಟ್ಟೆ ಎಣಿಸುವುದು ಪಳೆಯುಳಿಕೆ ಗುರುತಿಸುವ ಮೊದಲ ಹೆಜ್ಜೆ. ಆಫ್ರಿಕದ ಆನೆಯಲ್ಲಿ ಹತ್ತರಿಂದ ಹದಿನಾಲ್ಕು ಇರುತ್ತವೆ, ಅಡ್ಡ ಸವೆದಾಗ ಪ್ರತಿಯೊಂದೂ ವಜ್ರಾಕಾರ. ‘ಲಾಕ್ಸೊಡಾಂಟ’ ಎಂಬ ಕುಲದ ಹೆಸರೇ ಅದರಿಂದ ಬಂದದ್ದು. ಏಷ್ಯಾದ ಆನೆಯಲ್ಲಿ ಇಪ್ಪತ್ತು ದಾಟುತ್ತವೆ, ಸಮಾನಾಂತರ ಗೆರೆಗಳಂತೆ ಕಾಣುತ್ತವೆ. ಉಣ್ಣೆ ಮ್ಯಾಮತ್‌ನಲ್ಲಿ ಇನ್ನೂ ಒತ್ತಾಗಿರುತ್ತವೆ. ಎಣಿಸುವವರು ಎಡವುವುದು ಒಂದೇ ಜಾಗದಲ್ಲಿ: ಮುಂದಿನ ತುದಿ ಸವೆದು ಉದುರಿದ್ದರೆ ಉಳಿದ ತಟ್ಟೆಗಳ ಸಂಖ್ಯೆ ಕಡಿಮೆಯಾಗಿ, ಈಚಿನ ಪ್ರಭೇದ ಹಳೆಯದರಂತೆ ಕಾಣುತ್ತದೆ. ಅದಕ್ಕೇ ಒಟ್ಟು ಸಂಖ್ಯೆಯ ಜೊತೆಗೆ 10 ಸೆಂಟಿಮೀಟರಿಗೆ ಎಷ್ಟು ತಟ್ಟೆ ಎಂಬ ಲೆಕ್ಕವನ್ನೂ ಹಾಕುತ್ತಾರೆ.

ಹಲ್ಲಿನ ಮೇಲೆ ನನಗೆ ಅತ್ಯಂತ ಇಷ್ಟವಾದ ಕೆಲಸ ಪಳೆಯುಳಿಕೆ ತಜ್ಞ ಏಡ್ರಿಯನ್ ಲಿಸ್ಟರ್ ಅವರು 2013ರಲ್ಲಿ ಪ್ರಕಟಿಸಿದ್ದು. ಪೂರ್ವ ಆಫ್ರಿಕದ ಪಳೆಯುಳಿಕೆಗಳ ಇಂಗಾಲದ ಐಸೊಟೋಪ್ ನೋಡಿದರೆ ಈ ಬಳಗ ಸುಮಾರು 80 ಲಕ್ಷ ವರ್ಷದ ಹಿಂದೆಯೇ ಸೊಪ್ಪು ಬಿಟ್ಟು ಹುಲ್ಲಿಗೆ ತಿರುಗಿತ್ತು. ಹುಲ್ಲಿಗೆ ತಕ್ಕ ಎತ್ತರದ ಹಲ್ಲು ಬಂದದ್ದು 50 ಲಕ್ಷ ವರ್ಷದ ಈಚೆಗೆ. ಅಂದರೆ ಮೂವತ್ತು ಲಕ್ಷ ವರ್ಷ ಹೊಂದದ ಹಲ್ಲಿನಲ್ಲೇ ಹುಲ್ಲು ಅರೆದವು. ಮೇವು ಮೊದಲು ಬದಲಾಯಿತು, ಹಲ್ಲು ಆಮೇಲೆ. ಹಲ್ಲಿನ ಆಕಾರ ನೋಡಿ ‘ಇದು ಇಂಥದ್ದನ್ನೇ ತಿನ್ನುತ್ತಿತ್ತು’ ಎನ್ನುವವರು ಇದನ್ನು ನೆನಪಿನಲ್ಲಿಡಬೇಕು.

ಒಟ್ಟಾರೆ ಈ ಬಳಗದಲ್ಲಿ 180ಕ್ಕೂ ಹೆಚ್ಚು ಪ್ರಭೇದಗಳು ಆಗಿಹೋಗಿವೆ. ಮೊದಲ ಮೂರು ಕೋಟಿ ವರ್ಷ ಹೆಚ್ಚೇನೂ ನಡೆಯಲಿಲ್ಲ. ಸುಮಾರು ಎರಡು ಕೋಟಿ ವರ್ಷದ ಹಿಂದೆ ಆಫ್ರಿಕ ಯುರೇಷ್ಯಾಕ್ಕೆ ಅಂಟಿಕೊಂಡು ದಾರಿ ತೆರೆದ ಮೇಲೆ ಹಬ್ಬವೋ ಹಬ್ಬ: ನಾಲ್ಕು ದಂತದವು, ಸಲಿಕೆಯಂಥ ಕೆಳದವಡೆಯವು, ಕೆಳದವಡೆಯಿಂದ ದಂತ ಕೆಳಮುಖವಾಗಿ ಬಾಗಿದ ಡೈನೊಥೀರಿಯಂ. ಸಿಸಿಲಿ ದ್ವೀಪದಲ್ಲಿ ಭುಜದ ಎತ್ತರ ಒಂದು ಮೀಟರ್ ಮಾತ್ರ ಇದ್ದ ಕುಳ್ಳಾನೆಯೂ ಇತ್ತು. ಉಳಿದದ್ದು ಮೂರು ಪ್ರಭೇದ: ಏಷ್ಯಾದ್ದು ಒಂದು, ಆಫ್ರಿಕದ್ದು ಎರಡು.

ಇನ್ನು ಡಿಎನ್‌ಎ ಕಡೆಗೆ. ಜೀವಕೋಶದಲ್ಲಿ ಡಿಎನ್‌ಎ ಎರಡು ಕಡೆ ಇದೆ. ಕೋಶಕೇಂದ್ರದಲ್ಲಿ ಆನೆಗೆ 56 ವರ್ಣತಂತುಗಳು, ಏಷ್ಯಾದ್ದಕ್ಕೂ ಆಫ್ರಿಕದ್ದಕ್ಕೂ ಅಷ್ಟೇ. ಅದರ ಹೊರಗೆ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳಲ್ಲಿ ಪುಟ್ಟ ಉಂಗುರದಂಥ ಡಿಎನ್‌ಎ. ಒಂದು ಕೋಶದಲ್ಲಿ ಅದರ ಪ್ರತಿಗಳು ನೂರಾರು, ಸಾವಿರಾರು. ಹಳೆಯ ಎಲುಬಿನಲ್ಲೂ ಒಣಗಿದ ಲದ್ದಿಯಲ್ಲೂ ಇದು ಸುಲಭವಾಗಿ ಸಿಗುತ್ತದೆ. ಹಾಗಾಗಿ ಮೊದಮೊದಲ ವಂಶವೃಕ್ಷಗಳೆಲ್ಲ ಮೈಟೊಕಾಂಡ್ರಿಯಾದ ಮೇಲೆ ಕಟ್ಟಿದವು. ತೊಡಕು ಏನೆಂದರೆ, ಅದು ತಾಯಿಯಿಂದ ಮಾತ್ರ ಬರುತ್ತದೆ. ಹೆಣ್ಣಾನೆ ಹುಟ್ಟಿದ ಹಿಂಡಿನಲ್ಲೇ ಉಳಿಯುತ್ತದೆ, ಸಲಗ ಊರೂರು ಅಲೆಯುತ್ತದೆ. ಮೈಟೊಕಾಂಡ್ರಿಯಾ ನೋಡಿದರೆ ಎರಡು ಹಿಂಡುಗಳ ನಡುವೆ ಸಂಬಂಧವೇ ಇಲ್ಲವೇನೋ ಅನಿಸುತ್ತದೆ. ಕೋಶಕೇಂದ್ರ ನೋಡಿದರೆ ಸಲಗಗಳು ಆ ಎರಡನ್ನೂ ಸದಾ ಬೆಸೆಯುತ್ತಿರುತ್ತವೆ.

ಆಫ್ರಿಕದಲ್ಲಿ ಈ ಗೊಂದಲ ವರ್ಷಗಟ್ಟಲೆ ನಡೆಯಿತು. ಅಲ್ಲಿನ ದಟ್ಟ ಕಾಡಿನಲ್ಲಿರುವ, ದುಂಡು ಕಿವಿ, ನೇರ ದಂತದ ಕಾಡಾನೆಯೂ ಹುಲ್ಲುಬಯಲಿನಲ್ಲಿರುವ, ದೊಡ್ಡ ಕಿವಿಯ ಬಯಲಾನೆಯೂ ಬೇರೆ ಬೇರೆ ಪ್ರಭೇದ ಎಂದು 2001ರಲ್ಲಿ ಕೋಶಕೇಂದ್ರದ ಡಿಎನ್‌ಎ ಆಧಾರದ ಮೇಲೆ ವಾದಿಸಿದರು. ಮೈಟೊಕಾಂಡ್ರಿಯಾ ಮಾತ್ರ ಒಪ್ಪಲಿಲ್ಲ: ಎಷ್ಟೋ ಬಯಲಾನೆಗಳಲ್ಲಿ ಕಾಡಾನೆಯ ಮೈಟೊಕಾಂಡ್ರಿಯಾ ಇತ್ತು. ಹಾಗಾದರೆ ಎರಡೂ ಒಂದೇ ಅಲ್ಲವೇ ಎಂಬ ಪ್ರಶ್ನೆ ಎದ್ದಿತು. ಉತ್ತರ ಸರಳ. ಹಿಂದೆಂದೋ ಕಾಡಾನೆ ಹೆಣ್ಣಿನ ಜೊತೆ ಬಯಲಾನೆ ಸಲಗ ಕೂಡಿತು. ಬಯಲಿನ ಸಲಗ ಗಾತ್ರದಲ್ಲಿ ದೊಡ್ಡದು. ಮಿಶ್ರ ಗಂಡುಗಳು ಅದರ ಮುಂದೆ ನಿಲ್ಲಲಾರವು, ಮಿಶ್ರ ಹೆಣ್ಣುಗಳು ಮತ್ತೆ ಮತ್ತೆ ಬಯಲಿನ ಸಲಗದಿಂದಲೇ ಗಬ್ಬವಾಗುತ್ತವೆ. ಪ್ರತಿ ತಲೆಮಾರಿಗೆ ಕಾಡಾನೆಯ ಪಾಲು ಅರ್ಧವಾಗುತ್ತಾ ಹೋಗುತ್ತದೆ: ಅರ್ಧ, ಕಾಲು, ಅರೆಕಾಲು. ಹತ್ತನೆಯ ತಲೆಮಾರಿಗೆ ಸಾವಿರದಲ್ಲಿ ಒಂದು ಪಾಲು. ಮೈಟೊಕಾಂಡ್ರಿಯಾ ಮಾತ್ರ ತಾಯಿಯಿಂದ ಮಗಳಿಗೆ ಹಾಗೇ ಸಾಗಿ, ನೂರಕ್ಕೆ ನೂರು ಕಾಡಾನೆಯದೇ ಆಗಿ ಉಳಿಯುತ್ತದೆ. ಮನೆತನವೇ ಬದಲಾದರೂ ಅಜ್ಜಿಯ ಮೂಗುತಿ ಕೈಯಿಂದ ಕೈಗೆ ದಾಟಿಕೊಂಡು ಬಂದ ಹಾಗೆ. 2021ರಲ್ಲಿ, ಅಳಿವಿನಂಚಿನ ಜೀವಿಗಳ ಕೆಂಪುಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಮೊದಲ ಸಲ ಎರಡನ್ನೂ ಬೇರೆ ಪ್ರಭೇದಗಳಾಗಿ ಪಟ್ಟಿ ಮಾಡಿತು.

ಇನ್ನೊಂದು ಹಳ್ಳ ಇದೆ. ಮೈಟೊಕಾಂಡ್ರಿಯಾ ಡಿಎನ್‌ಎಯ ತುಂಡುಗಳು ಹಿಂದೆಂದೋ ಕೋಶಕೇಂದ್ರದೊಳಗೆ ನುಸುಳಿ ಅಲ್ಲೇ ಉಳಿದಿವೆ. ಆನೆಯ ಕೂದಲಿನಿಂದ ಮೈಟೊಕಾಂಡ್ರಿಯಾ ಓದಲು ಹೋದರೆ ಈ ಸುಳ್ಳು ಪ್ರತಿಗಳೇ ಹೆಚ್ಚಾಗಿ ಕೈಗೆ ಬರುತ್ತವೆ, ರಕ್ತದಲ್ಲಿ ಈ ಕಾಟ ಕಡಿಮೆ ಎಂದು 1999ರಲ್ಲೇ ತೋರಿಸಿದ್ದಾರೆ. ಗಮನಿಸದೆ ಜೋಡಿಸಿದರೆ ಇಲ್ಲದ ಕೊಂಬೆಯೊಂದು ವೃಕ್ಷದಲ್ಲಿ ಚಿಗುರುತ್ತದೆ.

ಮ್ಯಾಮತ್ ಯಾರಿಗೆ ಹತ್ತಿರ ಎಂಬ ಪ್ರಶ್ನೆ ಬಗೆಹರಿಯಲು ತಡವಾದದ್ದಕ್ಕೆ ಕಾರಣ ಬೇರೆ. ಮೂರು ವಂಶಗಳು ಬೇಗ ಬೇಗನೆ ಕವಲೊಡೆದಿದ್ದರೆ, ಯಾವುದು ಮೊದಲು ಬೇರೆಯಾಯಿತು ಎಂದು ತೀರ್ಮಾನಿಸಲು ಹೊರಗಿನ ಒಬ್ಬ ನೆಂಟ ಬೇಕು. ಡುಗಾಂಗ್, ಹೈರಾಕ್ಸ್ ಆರು ಕೋಟಿ ವರ್ಷ ದೂರ. ಅಷ್ಟರಲ್ಲಿ ಗುರುತುಗಳೆಲ್ಲ ಅಳಿಸಿ ಹೋಗಿರುತ್ತವೆ. ಅಲಾಸ್ಕಾದಲ್ಲಿ ಸಿಕ್ಕ ಮ್ಯಾಸ್ಟೊಡಾನ್ ಹಲ್ಲೊಂದರಿಂದ 2007ರಲ್ಲಿ ಇಡೀ ಮೈಟೊಕಾಂಡ್ರಿಯಾ ಡಿಎನ್‌ಎ ಓದಿದ ಮೇಲೆ ಸರಿಯಾದ ನೆಂಟ ಸಿಕ್ಕಿತು. ಆಫ್ರಿಕದ ವಂಶ ಸುಮಾರು 76 ಲಕ್ಷ ವರ್ಷದ ಹಿಂದೆ ಬೇರೆಯಾಯಿತು, ಮ್ಯಾಮತ್ ಮತ್ತು ಏಷ್ಯಾದ ಆನೆ ಸುಮಾರು 67 ಲಕ್ಷ ವರ್ಷದ ಹಿಂದೆ. ಅಂದರೆ ನಮ್ಮ ಕಾಡಿನ ಆನೆಗೆ ಆಫ್ರಿಕದ ಆನೆಗಿಂತ ಉಣ್ಣೆ ಮ್ಯಾಮತ್ ಹತ್ತಿರ. ಇದೇ ಕವಲಿಗೆ 2010ರಲ್ಲಿ ಕೋಶಕೇಂದ್ರದ ಡಿಎನ್‌ಎ ಕೊಟ್ಟ ಕಾಲ 25 ರಿಂದ 54 ಲಕ್ಷ ವರ್ಷ. ಎರಡೂ ಅಂಕಿ ಜಗಳವಾಡುತ್ತಿಲ್ಲ. ಒಂದು ವಂಶವಾಹಿಯ ಎರಡು ರೂಪ ಬೇರೆಯಾಗುವುದು ಮೊದಲು, ಆ ರೂಪಗಳನ್ನು ಹೊತ್ತ ಹಿಂಡುಗಳು ಬೇರೆಯಾಗುವುದು ಆಮೇಲೆ. ಅಣ್ಣತಮ್ಮಂದಿರ ಜಗಳ ಶುರುವಾದ ವರ್ಷವೂ ಮನೆ ಪಾಲಾದ ವರ್ಷವೂ ಒಂದೇ ಆಗಬೇಕಿಲ್ಲ.

ಹಲ್ಲು ಪೂರ್ತಿ ದಾರಿ ತಪ್ಪಿಸಿದ್ದು ಯುರೋಪಿನಲ್ಲಿ ಹಿಂದೆ ಇದ್ದು ಅಳಿದುಹೋದ ನೇರದಂತದ ಆನೆಯ ವಿಷಯದಲ್ಲಿ. ಹಲ್ಲು, ತಲೆಬುರುಡೆ ನೋಡಿ ಅದನ್ನು ಏಷ್ಯಾದ ಆನೆಯ ಪಕ್ಕ ಕೂರಿಸಿದ್ದರು. 2017ರಲ್ಲಿ ಜರ್ಮನಿಯ ಪಳೆಯುಳಿಕೆಗಳ ಮೈಟೊಕಾಂಡ್ರಿಯಾ ಬಂದಾಗ ಅದು ಆಫ್ರಿಕದ ಕಾಡಾನೆಯ ಕಡೆಗೆ ಹೋಯಿತು. ಮರುವರ್ಷ ಇಡೀ ಜೀನೋಮ್ (ಪ್ರಾಣಿಯ ಸಮಸ್ತ ಡಿಎನ್‌ಎ) ಬಂದಾಗ ಅದೂ ಸಾಲದಾಯಿತು: ದೊಡ್ಡ ಪಾಲು ಕಾಡಾನೆ, ಬಯಲಾನೆ ಬೇರೆಯಾಗುವ ಮೊದಲಿನ ಹಳೆಯ ಆಫ್ರಿಕನ್ ವಂಶದ್ದು, ಮೂರನೇ ಒಂದಕ್ಕಿಂತ ತುಸು ಹೆಚ್ಚು ಕಾಡಾನೆಯದು, ಸ್ವಲ್ಪ ಮ್ಯಾಮತ್ ಕಡೆಯದು. ಇದನ್ನು ಯಾವ ಕೊಂಬೆಗೆ ನೇತುಹಾಕುವುದು? 2021ರಲ್ಲಿ ಸೈಬೀರಿಯದ ಹತ್ತು ಲಕ್ಷ ವರ್ಷಕ್ಕೂ ಹಳೆಯ ಹಲ್ಲುಗಳಿಂದ ಡಿಎನ್‌ಎ ತೆಗೆದಾಗ ಉತ್ತರ ಅಮೆರಿಕದ ಕೊಲಂಬಿಯನ್ ಮ್ಯಾಮತ್ ಕೂಡ ಎರಡು ವಂಶಗಳ ಬೆರಕೆ ಎಂದು ತಿಳಿಯಿತು. ಮರದ ಚಿತ್ರಕ್ಕಿಂತ, ಬೇರೆಯಾಗಿ ಮತ್ತೆ ಕೂಡುವ ಹೊಳೆಯ ಕವಲುಗಳ ಚಿತ್ರ ಇಲ್ಲಿಗೆ ಒಪ್ಪುತ್ತದೆ. ಹಾಗೆಂದು ಎಲ್ಲವೂ ಎಲ್ಲದರ ಜೊತೆ ಕೂಡುತ್ತದೆ ಎಂದಲ್ಲ. 1978ರಲ್ಲಿ ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದಲ್ಲಿ ಆಫ್ರಿಕದ ಗಂಡಿಗೂ ಏಷ್ಯಾದ ಹೆಣ್ಣಿಗೂ ಹುಟ್ಟಿದ ಮರಿ ಬದುಕಿದ್ದು ಹತ್ತು ದಿನ.

ವಿಕಾಸ ಎಂದರೆ ಲಕ್ಷಗಟ್ಟಲೆ ವರ್ಷದ ಮಾತೇ ಆಗಬೇಕಿಲ್ಲ. ಮೊಜಾಂಬಿಕ್‌ನಲ್ಲಿ 1977ರಿಂದ 1992ರವರೆಗೆ ಅಂತರ್ಯುದ್ಧ ನಡೆದಾಗ ಅಲ್ಲಿನ ಗೊರೊಂಗೋಸಾ ರಾಷ್ಟ್ರೀಯ ಉದ್ಯಾನದ ಆನೆಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ದಂತಕ್ಕಾಗಿ, ಮಾಂಸಕ್ಕಾಗಿ ಸತ್ತವು. ದಂತವಿಲ್ಲದ ಹೆಣ್ಣುಗಳ ಪ್ರಮಾಣ ಶೇ 18.5ರಿಂದ 50.9ಕ್ಕೆ ಏರಿತು. ಕಾರಣ ಎಕ್ಸ್ ವರ್ಣತಂತುವಿನ ಮೇಲಿನ ಒಂದು ಬದಲಾವಣೆ ಎಂದು 2021ರ ಅಧ್ಯಯನ ತೋರಿಸಿತು. ಹೆಣ್ಣಿನಲ್ಲಿ ದಂತ ಬಾರದಂತೆ ಮಾಡುತ್ತದೆ, ಗಂಡು ಭ್ರೂಣವನ್ನು ಕೊಲ್ಲುತ್ತದೆ. ಲೆಕ್ಕ ಹಾಕಿ ನೋಡಿ. ದಂತವಿಲ್ಲದ ತಾಯಿಯ ಎರಡು ಎಕ್ಸ್‌ಗಳಲ್ಲಿ ಒಂದು ಬದಲಾದದ್ದು. ನಾಲ್ಕು ಗರ್ಭ ನಿಂತರೆ ಒಂದು ದಂತವಿಲ್ಲದ ಮಗಳು, ಒಂದು ದಂತವಿರುವ ಮಗಳು, ಒಂದು ದಂತವಿರುವ ಮಗ, ನಾಲ್ಕನೆಯದು ಹುಟ್ಟುವುದೇ ಇಲ್ಲ. ಹುಟ್ಟಿದ ಮೂರರಲ್ಲಿ ಎರಡು ಹೆಣ್ಣು. ಕಾಡಿನಲ್ಲಿ ಎಣಿಸಿದಾಗಲೂ ದಂತವಿಲ್ಲದ ತಾಯಂದಿರ ಮರಿಗಳಲ್ಲಿ ಸುಮಾರು ಮೂರನೇ ಎರಡು ಭಾಗ ಹೆಣ್ಣೇ ಇದ್ದವು. ಇದನ್ನು ಏಷ್ಯಾದ ಮಖ್ನಾ ಆನೆಗೆ ಅನ್ವಯಿಸಬೇಡಿ. ಮಖ್ನಾ ದಂತವಿಲ್ಲದ ಗಂಡು, ಗಟ್ಟಿಮುಟ್ಟಾಗಿ ಬದುಕುತ್ತದೆ; ಶ್ರೀಲಂಕಾದಲ್ಲಂತೂ ದಂತವಿರುವ ಗಂಡೇ ಅಪರೂಪ. ಅಲ್ಲಿನ ವಂಶವಾಹಿ ಕಥೆ ಬೇರೆ ಇರಲೇಬೇಕು.

ಆನೆಗೆ ಕ್ಯಾನ್ಸರ್ ಬರುವುದಿಲ್ಲ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿರುತ್ತದೆ. ಬರುತ್ತದೆ, ಮೈಗಾತ್ರಕ್ಕೆ ಹೋಲಿಸಿದರೆ ತೀರಾ ಕಡಿಮೆ. ಹಾಳಾದ ಕೋಶವನ್ನು ಕೊಲ್ಲಿಸುವ ಟಿಪಿ53 ವಂಶವಾಹಿ ನಮಗೆ ಒಂದು ಜೊತೆ, ಆನೆಗೆ ಇಪ್ಪತ್ತು ಜೊತೆ. ಅದರಲ್ಲಿ ಮೂಲದ್ದು ಒಂದು, ಉಳಿದ ಹತ್ತೊಂಬತ್ತು ನಕಲುಗಳು.

ಕಾಡಿನಲ್ಲಿ ಈ ಕೆಲಸವೆಲ್ಲ ನಡೆಯುವುದು ಲದ್ದಿಯಿಂದ. ಲದ್ದಿಯ ಉಂಡೆ ಕರುಳಿನಲ್ಲಿ ಜಾರುವಾಗ ಒಳಪದರದ ಕೋಶಗಳು ಅದರ ಹೊರಮೈಯ ಲೋಳೆಗೆ ಅಂಟುತ್ತವೆ. ಬೇಕಾದದ್ದು ಆ ಹೊಳೆಯುವ ಹೊರಪದರ ಮಾತ್ರ. ಉಂಡೆ ಒಡೆದು ಒಳಗಿನ ನಾರು ತುಂಬಿಕೊಂಡರೆ ಸೊಪ್ಪಿನ ಡಿಎನ್‌ಎ ಸಿಗುತ್ತದೆ, ಆನೆಯದಲ್ಲ. ಮಳೆ ಹೊಡೆದ, ಬಿಸಿಲಿಗೆ ಬಿರುಕುಬಿಟ್ಟ ಲದ್ದಿ ಬೇಡ. ಮೇಲ್ಮೈಯನ್ನು ಹತ್ತಿಕಡ್ಡಿಯಿಂದ ಸವರಿ ಸಂರಕ್ಷಕ ದ್ರಾವಣಕ್ಕೆ ಹಾಕುತ್ತಾರೆ. ಹಿಂಡು ಒಂದೇ ದಾರಿಯಲ್ಲಿ ಹೋಗಿದ್ದರೆ ಒಂದರ ಲದ್ದಿ ಇನ್ನೊಂದರ ಮೇಲೆ ಬಿದ್ದಿರುತ್ತದೆ. ಒಂದು ಆನೆಯಲ್ಲಿ ಒಂದು ವಂಶವಾಹಿಗೆ ತಾಯಿಯದೊಂದು, ತಂದೆಯದೊಂದು ಎಂದು ಎರಡೇ ರೂಪ ಇರುತ್ತವೆ. ಹಾಗಾಗಿ ಒಂದು ಮಾದರಿಯಲ್ಲಿ ಮೂರು ಮೂರು ರೂಪ ಕಂಡರೆ ಅದನ್ನು ಎಸೆಯಬೇಕು. ಎಲೆಗಳ ಒಗರು ಪದಾರ್ಥಗಳು ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಕಿಣ್ವವನ್ನು ಕಟ್ಟಿಹಾಕುತ್ತವೆ. ಡಿಎನ್‌ಎ ತೀರಾ ಕಡಿಮೆಯಿದ್ದರೆ ಎರಡು ರೂಪಗಳಲ್ಲಿ ಒಂದು ಓದಿಗೆ ಸಿಗದೆ, ಒಂದೇ ಆನೆ ಎರಡು ಆನೆಯಾಗಿ ಪಟ್ಟಿಗೆ ಸೇರಿಬಿಡುತ್ತದೆ. ಅದಕ್ಕೇ ಒಂದೇ ಮಾದರಿಯನ್ನು ಹಲವು ಸಲ ಓದುತ್ತಾರೆ. 2025ರಲ್ಲಿ ಪ್ರಕಟವಾದ ಭಾರತದ ಮೊದಲ ಡಿಎನ್‌ಎ ಆಧಾರಿತ ಗಣತಿಯ 22,446 ಎಂಬ ಅಂಕಿಯ ಹಿಂದೆ ಇರುವುದು ಈ ಲದ್ದಿ ಹೆಕ್ಕುವ ಕೆಲಸವೇ.

2024ರಲ್ಲಿ ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್ ಮತ್ತು ಐಐಎಸ್‌ಸಿಯ ಸಂಶೋಧಕರು ಇಡೀ ಜೀನೋಮ್ ಓದಿ ಭಾರತದ ಆನೆಗಳಲ್ಲಿ ಐದು ವಂಶಗುಂಪುಗಳನ್ನು ಗುರುತಿಸಿದರು: ಹಿಮಾಲಯದ ತಪ್ಪಲಿನಿಂದ ಈಶಾನ್ಯದವರೆಗೆ ಒಂದು, ಮಧ್ಯ ಭಾರತದಲ್ಲಿ ಒಂದು, ಪಶ್ಚಿಮ ಘಟ್ಟದಲ್ಲಿ ಮೂರು. ಉತ್ತರದ ಗುಂಪು ಉಳಿದವುಗಳಿಂದ ಬೇರೆಯಾಗಿ 70,000 ವರ್ಷಕ್ಕೂ ಹೆಚ್ಚಾಯಿತು. ಆನೆ ಉತ್ತರದಿಂದ ದಕ್ಷಿಣಕ್ಕೆ ಹಂತಹಂತವಾಗಿ ಹಬ್ಬಿತು. ಪ್ರತಿ ಹಂತದಲ್ಲೂ ಕೆಲವೇ ಆನೆಗಳು ಮುಂದೆ ಹೋದದ್ದರಿಂದ ವಂಶವಾಹಿ ವೈವಿಧ್ಯವೂ ಇಳಿಯುತ್ತಾ ಬಂತು. ಘಟ್ಟದಲ್ಲಿ ಗುಂಪುಗಳನ್ನು ಬೇರ್ಪಡಿಸಿರುವುದು ಪಾಲಕ್ಕಾಡ್ ಮತ್ತು ಶೆಂಕೋಟೆ ಕಣಿವೆದಾರಿಗಳು. ಶೆಂಕೋಟೆಯ ದಕ್ಷಿಣಕ್ಕೆ ಉಳಿದಿರುವುದು 150ಕ್ಕೂ ಕಡಿಮೆ ಆನೆಗಳು, ವೈವಿಧ್ಯ ಅತ್ಯಂತ ಕಡಿಮೆ ಇರುವುದೂ ಅಲ್ಲೇ.

ಇಷ್ಟು ಸಣ್ಣ ಗುಂಪು ಎಷ್ಟು ಕಾಲ ಉಳಿದೀತು ಎಂಬುದಕ್ಕೆ ಹೋಲಿಸಲು ಒಂದು ಉದಾಹರಣೆ ಇದೆ. ಸೈಬೀರಿಯದ ಉತ್ತರಕ್ಕಿರುವ ರಾಂಗೆಲ್ ದ್ವೀಪದಲ್ಲಿ ಸುಮಾರು 10,000 ವರ್ಷದ ಹಿಂದೆ ಸಿಕ್ಕಿಹಾಕಿಕೊಂಡ ಮ್ಯಾಮತ್‌ಗಳು ಒಂದು ಹಂತದಲ್ಲಿ ಹೆಚ್ಚೆಂದರೆ ಎಂಟು ಇದ್ದವು. ಬೇಗನೆ 200–300ಕ್ಕೆ ಏರಿ, ಆರು ಸಾವಿರ ವರ್ಷ ಅಷ್ಟೇ ಸಂಖ್ಯೆಯಲ್ಲಿ ನಿಂತವು. ತೀರಾ ಅಪಾಯದ ದೋಷಗಳು ಹೊತ್ತವರ ಜೊತೆಗೇ ಅಳಿದವು, ಸಣ್ಣಪುಟ್ಟ ದೋಷಗಳು ನಿಧಾನವಾಗಿ ಸೇರುತ್ತಾ ಹೋದವು. ರೋಗನಿರೋಧಕ ವಂಶವಾಹಿಗಳ ವೈವಿಧ್ಯವೂ ಕುಂದಿತ್ತು. ಆದರೆ 2024ರಲ್ಲಿ ಪ್ರಕಟವಾದ ಜೀನೋಮ್‌ಗಳಲ್ಲಿ ಸಂಖ್ಯೆ ಕ್ರಮೇಣ ಇಳಿದ ಗುರುತಿಲ್ಲ. ಸುಮಾರು 4,000 ವರ್ಷದ ಹಿಂದೆ, ಈಜಿಪ್ಟಿನಲ್ಲಿ ಪಿರಮಿಡ್ಡುಗಳು ಎದ್ದು ಎಷ್ಟೋ ಕಾಲವಾದ ಮೇಲೆ, ಅವು ಇದ್ದಕ್ಕಿದ್ದಂತೆ ಇಲ್ಲವಾದವು.